ಹಿಂದಕ್ಕೆ ನಡೆದ ಅಕ್ಕೋರು

ಬೈತಖೋಲದ ಸುಮಲತಾ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂರು ಸಲ ಫೇಲಾದವಳು. ದಡ್ಡಿ ಎಂದುಕೊಂಡಿರೋ, ಕೆಟ್ಟಿರಿ. ಅವಳು ದಡ್ಡಿಯಲ್ಲ, ಜಗಮೊಂಡಿ. ತನಗೆ ಅರ್ಥವಾಗದ್ದನ್ನು ತಾನು ಬರೆಯುವುದಿಲ್ಲ ಎಂಬುದು ಅವಳ ಹಟ. ಮೈನಸ್ಸಿಗೆ ಮೈನಸ್ಸು ಗುಣಿಸಿದರೆ ಪ್ಲಸ್ಸು ಹೇಗಾಗುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಆದ್ದರಿಂದ ಲೆಕ್ಕದಲ್ಲಿ ಎರಡು ಮೈನಸ್ಸು ಎದುರುಬದುರಾದ ಕೂಡಲೇ ಅವಳ ಪೆನ್ನು ನಿಂತುಬಿಡುತ್ತಿತ್ತು. ಉಳಿದ ಮಕ್ಕಳು ಕಣ್ಣು ಮುಚ್ಚಿ ಪ್ಲಸ್ಸು ಹಾಕಿ ಪಾಸಾದರು. ಇವಳು ಕಣ್ಣು ಬಿಟ್ಟುಕೊಂಡೇ ಫೇಲಾದಳು.

ಕೇಳಿರಲಿಲ್ಲವೆಂದಲ್ಲ. ಅಂಕೋಲೆಯ ಕಡೆ ತವರೂರಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದೇ ಒಂದು ಸಲ ಎದ್ದು ನಿಂತು ಕೇಳಿದ್ದಳು. "ಎರಡೂ ಇಲ್ಲದ್ದೇ ಅಂದ್ಮೇಲೆ ಇರೂದು ಎಲ್ಲಿಂದ ಬಂತು ಮಾಸ್ತರೇ?" ಮಾಸ್ತರು ಸೀಮೆಸುಣ್ಣ ಕೆಳಗಿಟ್ಟು ಇಡೀ ವರ್ಗವನ್ನು ನೋಡಿ ಹೇಳಿದರು: "ಬುಟ್ಟಿ ಹೊತ್ತು ಮೀನು ಮಾರೂಕೆ ಹೋಗುವವಳಿಗೆ ಇದರ ಮೂಲ ಯಂತಕ್ಕೆ? ಕೂತ್ಕೊ." ವರ್ಗವೆಲ್ಲ ನಕ್ಕಿತು. ಅವಳ ಪಕ್ಕ ಕೂರುತ್ತಿದ್ದ ಗೆಳತಿಯೂ ನಕ್ಕಳು, ಅದೇ ಹೆಚ್ಚು ಉರಿದದ್ದು. ಸುಮಲತಾ ಕೂತಳು. ಆ ಮೇಲೆ ಯಾವ ಮಾಸ್ತರಿಗೂ ಏನನ್ನೂ ಕೇಳಲಿಲ್ಲ. ಕೇಳದಿದ್ದರೆ ಏನಾಯಿತು, ಒಪ್ಪಲೂ ಇಲ್ಲ.

ಮದುವೆಯಾಗಿ ಕಾರವಾರದ ಬಂದರಿನ ಕೇರಿ ಬೈತಖೋಲಕ್ಕೆ ಬಂದಳು. ಗಂಡ ದೇವಿದಾಸ ಬೋಟಿನವನು, ಮಾತು ಕಡಿಮೆ, ನಗು ಜಾಸ್ತಿ. ಅತ್ತೆ ಹೊನ್ನು ಮಾತು ಜಾಸ್ತಿ, ನಗು ಅದಕ್ಕೂ ಜಾಸ್ತಿ. ಸುಮಲತಾ ಕೇರಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿ ಮಕ್ಕಳಿಗೆ ಉಪ್ಪಿಟ್ಟು ಕೆದಕುತ್ತ, ಮೂಗು ಒರೆಸುತ್ತ, ಹಾಡು ಹೇಳಿಸುತ್ತ ವರ್ಷಗಳನ್ನು ಕಳೆದಳು. ಹಾಡು ಹೇಳಿಸುವುದು ಅವಳ ಕೆಲಸವಲ್ಲ, ಅದು ಮಂದಾಕಿನಿ ಅಕ್ಕೋರ ಕೆಲಸ. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಹಬ್ಬುವಾಡದಿಂದ ಬರುತ್ತಿದ್ದ ಮಂದಾಕಿನಿ ಅಕ್ಕೋರಿಗೆ ಮಂಡಿ ನೋವು. ಅವರು ಕುರ್ಚಿಯಲ್ಲಿ ಕೂತೇ, "ಸುಮಾ, ನೀನೇ ಹೇಳ್ಸೆ," ಎನ್ನುತ್ತಿದ್ದರು. ಇವಳು ಕುಣಿದು ಕುಣಿದು ಹೇಳಿಸುತ್ತಿದ್ದಳು.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲ ಮುಗಿದ ಹೊತ್ತಿಗೆ ಅಕ್ಕೋರು ಅವಳನ್ನು ಕರೆದು ಕೂರಿಸಿಕೊಂಡರು. "ಬರೂ ಜೂನಿಗೆ ನಂದು ಮುಗೀತು. ನೀ ಎಸ್ಸೆಸ್ಸೆಲ್ಸಿ ಪಾಸಾದ್ರೆ ಈ ಕುರ್ಚಿ ನಿಂಗೇ. ಉಳ್ದದ್ದೆಲ್ಲ ಪಾಸಾಗ್ಯದೆ, ಗಣಿತ ಒಂದೇ ಬಾಕಿ. ಪಾಸಾಗ್ಲಿಲ್ಲ ಅಂದ್ರೆ ಯಾರೋ ಹೊಸಬ್ರು ಬತ್ರು. ಮತ್ತೆ ನೀ ಅವ್ರ ಕೈಕೆಳಗೆ ಸೌಟು ಹಿಡ್ಕಂಡೇ ಇರೂದು."

ಸುಮಲತಾ ಆ ಕುರ್ಚಿಯನ್ನು ನೋಡಿದಳು. ಬೆತ್ತ ಕಿತ್ತುಹೋದ ಹಳೇ ಕುರ್ಚಿ, ಒಂದು ಕಾಲಿಗೆ ತೆಂಗಿನಕಾಯಿ ಚಿಪ್ಪಿನ ಆಧಾರ. ಅವಳಿಗೆ ಅದು ಬೇಕು. ಎಷ್ಟು ಬೇಕೆಂದರೆ, ಅವತ್ತು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿತ್ತು.

ಆ ವರ್ಷವೇ ಬಂದರಿನ ಹತ್ತಿರದ ಮೀನುಗಾರರ ಸೊಸೈಟಿಯ ಮಾಳಿಗೆಯ ಮೇಲೆ ಒಂದು ದೊಡ್ಡ ತಟ್ಟೆ ಬಂದು ಕೂತಿತು. ಮನೆಗಳ ಮೇಲಿನ ಟಿ.ವಿ. ಡಿಶ್ಶಿನ ಹಾಗೆ ಬಾಣಲೆಯಷ್ಟು ಚಿಕ್ಕದಲ್ಲ. ಇಬ್ಬರು ಹೆಂಗಸರು ಒಳಗೆ ಕೂತು ಮೀನು ಹೆಚ್ಚಬಹುದಾದಷ್ಟು ದೊಡ್ಡದು. ಸರ್ಕಾರದ ಪಾಠ ಕಳಿಸುವ ಉಪಗ್ರಹ ಕಾರವಾರಕ್ಕೆ ಹತ್ತಿರಹತ್ತಿರ ನೆತ್ತಿಯ ಮೇಲೇ ಬರುತ್ತದಂತೆ. ಹಾಗಾಗಿ ತಟ್ಟೆ ಗೋಡೆಯ ಹಾಗೆ ನಿಂತಿರಲಿಲ್ಲ; ಊಟಕ್ಕೆ ಬಡಿಸಿಟ್ಟ ಹಾಗೆ ಆಕಾಶ ನೋಡುತ್ತ ಒಂಚೂರು ವಾಲಿಕೊಂಡು ಮಲಗಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೊಸೈಟಿಯ ಗುಮಾಸ್ತ ರೋಷನನಿಗೆ ಇದರ ಉಸ್ತುವಾರಿ. ಎರಡು ಮಕ್ಕಳ ತಂದೆ, ಬಿಣಗಾದಿಂದ ಸ್ಕೂಟರಿನಲ್ಲಿ ಬರುವವನು, ಬೆಂಗಳೂರಿಗೆ ಹೋಗಿ ಇದರ ತರಬೇತಿ ಮಾಡಿ ಬಂದಿದ್ದ. ಆಮೇಲಿಂದ ಅವನ ನಡಿಗೆಯೇ ಬೇರೆಯಾಗಿತ್ತು. ಕೇರಿಯವರನ್ನೆಲ್ಲ ನಿಲ್ಲಿಸಿ ಅವನು ವಿವರಿಸಿದ: "ಬೆಂಗಳೂರಲ್ಲಿ ಒಂದು ಕೋಣೆ. ಅಲ್ಲಿ ಅಕ್ಕೋರು ಕ್ಯಾಮೆರಾ ಎದುರು ನಿಂತು ಕಲ್ಸ್ತ್ರು. ಅದು ಮೇಲೆ ಆಕಾಶಕ್ಕೆ ಹೋಗ್ತದೆ, ಅಲ್ಲಿಂದ ಎಲ್ಲಾ ಊರ ತಟ್ಟೆಗೂ ಒಟ್ಟಿಗೇ ಬೀಳ್ತದೆ. ಬೀದರಿಗೂ ಕೋಲಾರಕ್ಕೂ ಕಾರವಾರಕ್ಕೂ ಒಂದೇ ಅಕ್ಕೋರು, ಒಂದೇ ಹೊತ್ತಿಗೆ. ಫೇಲಾದವ್ರಿಗೆ ಅಂತ್ಲೇ ಮಾಡದ್ದು."

"ಫೇಲಾದವ್ರಿಗೆ ಇಷ್ಟು ದೊಡ್ಡ ಉಪಚಾರವಾ!" ಎಂದಳು ಹೊನ್ನು. "ಪಾಸಾದವ್ರಿಗೆ ಒಂದು ಛತ್ರಿನೂ ಕೊಡ್ಲಿಲ್ಲ ಇವ್ರು."

ಮೊದಲ ದಿನ ಮಧ್ಯಾಹ್ನ ಸೊಸೈಟಿಯ ಮಾಳಿಗೆ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಚಪ್ಪಲಿ ಬಿಡಿ ಎಂದು ರೋಷನ ಹೇಳಿರಲಿಲ್ಲ. ಸರಸ್ವತಿ ಇರುವಲ್ಲಿ ಯಾರು ಮೆಟ್ಟು ಹಾಕಿಕೊಂಡು ಹೋಗುತ್ತಾರೆ? ಗೋಡೆಯ ಬಿಳೀ ಪರದೆಯ ಮೇಲೆ ಬೆಳಕು ಬಿತ್ತು. ಹಸಿರು ಸೀರೆಯ, ದಪ್ಪ ಕನ್ನಡಕದ ಹೆಂಗಸೊಬ್ಬರು ಆಳೆತ್ತರಕ್ಕೆ ಮೂಡಿದರು. ಕೂಡಲೇ ಇಡೀ ಕೋಣೆ ಎದ್ದು ನಿಂತಿತು. ಶೆಟಗೇರಿಯ ಜಟ್ಟಪ್ಪ ಕೈಜೋಡಿಸಿ, "ನಮಸ್ಕಾರ ಅಕ್ಕೋರೇ," ಎಂದು ಗಟ್ಟಿಯಾಗಿ ಹೇಳಿದ. ಅವನು ಐವತ್ತರ ಹತ್ತಿರದ ವಾಚಮನ್, ಬಡ್ತಿಗಾಗಿ ಎಸ್ಸೆಸ್ಸೆಲ್ಸಿ ಹಿಡಿದವನು. ಪರದೆಯ ಅಕ್ಕೋರು ಅದೇ ಹೊತ್ತಿಗೆ ಸರಿಯಾಗಿ, "ನಮಸ್ಕಾರ, ಎಲ್ಲರೂ ಕೂತುಕೊಳ್ಳಿ," ಎಂದರು. ಜಟ್ಟಪ್ಪ ಬೆಚ್ಚಿಬಿದ್ದು ರೋಷನನ ಕಡೆ ತಿರುಗಿದ. "ಕಾಣ್ತದಾ ಅವ್ರಿಗೆ?"

"ಕಾಣೂದಿಲ್ಲ ಜಟ್ಟಪ್ಪಣ್ಣ. ಸುಮ್ನೆ ಹೇಳದ್ದು."

"ಕಾಣದೇನೇ ಇಷ್ಟು ಮರ್ಯಾದೆ ಕೊಡ್ತ್ರಲ್ಲ," ಎಂದು ಅವನು ಸಮಾಧಾನದಿಂದ ಕೂತ.

ಅವರ ಹೆಸರು ವಿಜೇತಾ ಮೇಡಮ್ ಎಂದು ಪರದೆಯ ಕೆಳಗೆ ಬರೆದು ಬಂತು. ಅದರ ಪಕ್ಕದಲ್ಲೇ ಒಂದು ಫೋನ್ ನಂಬರು. ಪಾಠದ ನಡುವೆ ಯಾರಿಗಾದರೂ ಸಂಶಯ ಬಂದರೆ ಆ ನಂಬರಿಗೆ ಹಚ್ಚಬೇಕು. ಹಚ್ಚಿದವರ ದನಿ ಬೆಂಗಳೂರಿನ ಕೋಣೆಗೂ ಹೋಗುತ್ತದೆ, ಅಲ್ಲಿಂದ ಎಲ್ಲಾ ಊರುಗಳ ಪರದೆಗೂ ಬರುತ್ತದೆ. ಬಳ್ಳಾರಿಯವರು ಕೆಮ್ಮಿದರೆ ಕಾರವಾರದಲ್ಲಿ ಕೇಳುತ್ತಿತ್ತು. ಸುಮಲತಾಳಿಗೆ ಇದೊಂದು ದೊಡ್ಡ ಸೋಜಿಗ. ಹಾಸನದ ಕಡೆಯ ಯಾರೋ ಒಬ್ಬಾಕೆ ಹಿಂಜರಿಯುತ್ತ ಭಿನ್ನರಾಶಿಯ ಪ್ರಶ್ನೆ ಕೇಳಿದರೆ ಅವಳಿಗೆ ಎದ್ದು ಹೋಗಿ ಆಕೆಯ ಬೆನ್ನು ತಟ್ಟಬೇಕೆನಿಸುತ್ತಿತ್ತು. ಗುರುತಿಲ್ಲ, ಮುಖವಿಲ್ಲ, ಆದರೂ ಒಂದೇ ಬೆಂಚಿನವರು.

ಇನ್ನೊಂದು ಸುಖವೂ ಇತ್ತು, ಅದನ್ನು ಅವಳು ಗಂಡನಿಗೆ ಮಾತ್ರ ಹೇಳಿದಳು. ಹೈಸ್ಕೂಲಿನಲ್ಲಿ ಅವಳನ್ನು ಹಿಂದಿನ ಬೆಂಚಿಗೆ ಕಳಿಸುತ್ತಿದ್ದರು, ಮೀನಿನ ವಾಸನೆ ಎಂದು. ಇಲ್ಲಿ ಅವಳು ಎಲ್ಲರಿಗಿಂತ ಮುಂದೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದಳು. "ಅಕ್ಕೋರು ಒಂದಿನ ಸೈತ ಮೂಗು ಮುಚ್ಕಳ್ಳಿಲ್ಲ," ಎಂದಳು. ದೇವಿದಾಸ ನಕ್ಕ, ಆಮೇಲೆ ನಗು ನಿಲ್ಲಿಸಿ ಅವಳ ತಲೆ ಸವರಿದ.

ಪಾಠವನ್ನು ರೋಷನ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ. ಬೋಟಿನ ಕೆಲಸ, ಮನೆಗೆಲಸ ಎಂದು ತಪ್ಪಿಸಿಕೊಂಡವರಿಗೆ ಮರುದಿನ ಹಾಕಿ ತೋರಿಸಬೇಕಲ್ಲ. ತಪ್ಪಿಸಿಕೊಳ್ಳದವರೂ ಬಂದು ಕೂರುತ್ತಿದ್ದರು. ಎದುರಿಗಿರುವ ಮಾಸ್ತರಿಗೆ ಇನ್ನೊಂದು ಸಲ ಹೇಳಿ ಎಂದರೆ ಹುಬ್ಬು ಗಂಟಿಕ್ಕುತ್ತಾರೆ. ಕ್ಯಾಸೆಟ್ಟಿನ ಅಕ್ಕೋರು ಎಷ್ಟು ಸಲ ಬೇಕಾದರೂ ಅದೇ ನಗುಮುಖದಲ್ಲಿ ಹೇಳುತ್ತಾರೆ. ಆದರೆ ನಿಜ ಹೇಳಬೇಕೆಂದರೆ ಜನ ಕಾಯುತ್ತಿದ್ದದ್ದು ಬೇರೆಯದಕ್ಕೆ. ರೋಷನ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸುವಾಗ ಪರದೆಯ ಮೇಲೆ ಎಲ್ಲವೂ ತಿರುಗಾಮುರುಗಾ. ಮೇಡಮ್ ಬರೆದ ಅಕ್ಷರವನ್ನೆಲ್ಲ ಸೀಮೆಸುಣ್ಣ ಮತ್ತೆ ನುಂಗಿಕೊಳ್ಳುತ್ತಿತ್ತು. ಕುಡಿದ ನೀರು ಬಾಯಿಂದ ಲೋಟಕ್ಕೆ ವಾಪಸು ಬರುತ್ತಿತ್ತು. ಫ್ಯಾನಿನ ಗಾಳಿಗೆಂದು ಬಂದು ಹಿಂದೆ ಕೂರುತ್ತಿದ್ದ ಹೊನ್ನು, ಪ್ರತಿ ಸಲ ಬಿದ್ದು ಬಿದ್ದು ನಗುತ್ತಿದ್ದಳು. "ಇನ್ನೊಂದ್ಸಲ ನೀರು ಉಗಳ್ಸೋ ರೋಷನಾ," ಎಂದು ಗೋಗರೆಯುತ್ತಿದ್ದಳು.

ಹೀಗೆ ಸುಮಲತಾ ತ್ರಿಭುಜ ಕಲಿತಳು, ವೃತ್ತ ಕಲಿತಳು, ಸರಾಸರಿ ಕಲಿತಳು. ಆದರೆ ಬೀಜಗಣಿತ ಬಂದಾಗ ಮೇಡಮ್ ಸಹ ಉಳಿದವರ ಹಾಗೆ, "ಮೈನಸ್ ಇಂಟು ಮೈನಸ್ ಪ್ಲಸ್ ಎಂದು ನಿಮಗೆ ಗೊತ್ತೇ ಇದೆ," ಎಂದು ಮುಂದಕ್ಕೆ ಹೋದರು. ಸುಮಲತಾಳ ಪೆನ್ನು ನಿಂತಿತು. ಗೊತ್ತಿಲ್ಲ ಅಕ್ಕೋರೇ, ನನಗೆ ಗೊತ್ತಿಲ್ಲ. ಫೋನು ಅವಳ ಕೈಗೆಟುಕುವಲ್ಲೇ ಇತ್ತು. ಅವಳ ಕೈ ಫೋನಿನ ತನಕ ಹೋಯಿತು, ಅಲ್ಲಿಂದ ಜಾರಿ ಸೆರಗು ಸರಿಮಾಡಿಕೊಂಡು ವಾಪಸು ಬಂತು. ಅಂದು ನಕ್ಕದ್ದು ಒಂದು ವರ್ಗ. ಇಂದು ನಕ್ಕರೆ ಇಡೀ ರಾಜ್ಯ.

ಜಟ್ಟಪ್ಪನಿಗೆ ಇಂಥ ಯಾವ ತೊಡಕೂ ಇರಲಿಲ್ಲ. ಅವನು ದಿನಕ್ಕೊಮ್ಮೆಯಾದರೂ ಫೋನು ಹಚ್ಚುತ್ತಿದ್ದ. ಸಂಶಯವಿಲ್ಲದಿದ್ದರೆ ಮೇಡಮ್ಮಿನ ಆರೋಗ್ಯ ವಿಚಾರಿಸುತ್ತಿದ್ದ. ಸುಮಲತಾಳ ಕೈ ಫೋನಿನ ತನಕ ಹೋಗಿ ಬರುವುದನ್ನು ಅವನೇ ಮೊದಲು ಗಮನಿಸಿದ್ದು.

"ಎಂತ ಕೇಳೂಕೆ ಉಂಟು ತಂಗಿ ನಿಂಗೆ? ನಂಗೆ ಹೇಳು, ನಾ ಕೇಳ್ತೆ."

"ಬ್ಯಾಡ ಜಟ್ಟಪ್ಪಣ್ಣ. ಕೇಳಿದ್ರೆ ನಾನೇ ಕೇಳೂದು."

ಪರೀಕ್ಷೆ ಹತ್ತಿರ ಬಂತು. ಕೊನೆಯ ಶನಿವಾರ ಹೊಸ ಪಾಠವಿಲ್ಲ, ಬರೀ ಸಂಶಯ ಪರಿಹಾರ. ಒಂದೊಂದು ಕೇಂದ್ರಕ್ಕೂ ಒಂದೊಂದೇ ಪ್ರಶ್ನೆಯ ಸರದಿ ಎಂದು ಮೇಡಮ್ ಹೇಳಿದರು. ಅಲ್ಲಿಗೆ ಪಾಠವೆಲ್ಲ ಮುಗಿದಂತೆ, ಮತ್ತೆ ಕೇಳಲು ಸಿಗುವುದಿಲ್ಲ. ಕಾರವಾರದ ಪ್ರಶ್ನೆ ಯಾರದು ಎಂದು ರೋಷನ ಕೇಳಿದ. ಜಟ್ಟಪ್ಪ ಸುಮಲತಾಳತ್ತ ಬೆರಳು ತೋರಿಸಿದ. ಅವಳು ಇಲ್ಲ ಎನ್ನಲು ಬಾಯಿ ತೆರೆದಳು, ಬಾಯಿಂದ ಬಂದದ್ದು "ಹೂಂ".

ಆ ಶನಿವಾರ ಬೆಳಿಗ್ಗೆಯಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರಶ್ನೆಯನ್ನು ಒಲೆಗೆ ಕೇಳಿದಳು, ಬಾವಿಗೆ ಕೇಳಿದಳು, ಬೆಕ್ಕಿಗೆ ಕೇಳಿದಳು. ಬೆಕ್ಕು ಎದ್ದು ಹೋಯಿತು. ಹೊನ್ನು ಮಾರ್ಕೆಟ್ಟಿಗೆ ಹೊರಡುತ್ತ, "ಸುಮಾ, ಸಿಗಡಿ ಬಿಸ್ಲಿಗೆ ಹಾಕೆ, ಮರೀಬೇಡ," ಎಂದು ಹೇಳಿಹೋದಳು.

ಸಿಗಡಿ ಒಣಗಿಸುವುದು ಸೊಸೈಟಿಯ ಮಾಳಿಗೆಯ ಮೇಲೆ. ಡಿಶ್ಶು ಬರುವ ಮೊದಲಿನಿಂದಲೂ ಅದು ಕೇರಿಯ ಹೆಂಗಸರ ಹಕ್ಕಿನ ಜಾಗ. ಯಾರೂ ಬರೆದುಕೊಟ್ಟದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ. ಸುಮಲತಾ ಬುಟ್ಟಿ ಹೊತ್ತು ಮೇಲೆ ಹತ್ತಿ ನೋಡಿದರೆ ಕಾಲಿಡಲು ಎಡೆಯಿಲ್ಲ. ಒಂದು ಕಡೆ ಯಾರದೋ ಬಲೆ ಹರವಿದೆ, ಇನ್ನೊಂದು ಕಡೆ ನೆರೆಮನೆಯ ಕಾಮಿಯ ಬಂಗಡೆ ಮೀನು, ಉಳಿದಲ್ಲಿ ನೆರಳು. ಪೂರ್ತಿ ಬಿಸಿಲು ಬಿದ್ದದ್ದು ಒಂದೇ ಕಡೆ. ಆಕಾಶ ನೋಡುತ್ತ ಮಲಗಿದ್ದ ಆ ದೊಡ್ಡ ತಟ್ಟೆಯಲ್ಲಿ.

ಅವಳು ಸುತ್ತ ಒಂದು ಸಲ ಬಂದಳು. ಮುಟ್ಟಿ ನೋಡಿದಳು. ಕಾದ ಹಂಚಿನ ಹಾಗೆ ಬಿಸಿ, ಧೂಳು ಕೂಡ ಇಲ್ಲ. ಮೇಲಿಂದ ಬೀಳುವುದನ್ನೆಲ್ಲ ಹಿಡಿಯುವುದೇ ಇದರ ಕೆಲಸ ಎಂದು ರೋಷನನೇ ಹೇಳಿದ್ದನಲ್ಲ. ಬಿಸಿಲೂ ಮೇಲಿಂದಲೇ ಬೀಳುವುದು. ಪಾಠ ಇರುವುದು ಮಧ್ಯಾಹ್ನ, ಅಷ್ಟರಲ್ಲಿ ಒಣಗಿರುತ್ತದೆ, ತೆಗೆದರಾಯಿತು. ಹೀಗೆಲ್ಲ ಲೆಕ್ಕ ಹಾಕಿ, ಸೆರಗಿನಿಂದ ತಟ್ಟೆ ಒರೆಸಿ, ಸಿಗಡಿ ಸುರಿದು ತೆಳ್ಳಗೆ ಹರವಿದಳು. ಕಾಗೆ ಬರಬಾರದೆಂದು ಮೇಲೊಂದು ಹರಕು ಬಲೆ ಹೊದಿಸಿ ಅಂಚಿಗೆ ಕಲ್ಲು ಕಟ್ಟಿದಳು. ಅಚ್ಚುಕಟ್ಟಾದ ಕೆಲಸ. ಆಮೇಲೆ ಮನೆಗೆ ಹೋದವಳು ಎಣ್ಣೆ ಹಚ್ಚಿ ತಲೆ ಬಾಚಿ, ಹಳದಿ ಸೀರೆ ಉಟ್ಟು, ಅಬ್ಬಲಿ ಹೂವಿನ ದಂಡೆ ಮುಡಿದಳು. ಫೋನಿನಲ್ಲಿ ಕಾಣುವುದಿಲ್ಲವೆಂದು ಗೊತ್ತು, ಆದರೂ. ಸಿಗಡಿ ಮಾತ್ರ ತಲೆಯಿಂದ ಹಾರಿಹೋಯಿತು.

ಮಧ್ಯಾಹ್ನ ಕೋಣೆ ತುಂಬಿತ್ತು. ಮೇಡಮ್ ಮೂಡಿದರು, ಎಲ್ಲರೂ ಎದ್ದು ಕೂತರು. ಬೀದರಿನ ಪ್ರಶ್ನೆ ಬಂತು, ಉತ್ತರವಾಯಿತು. ಕೋಲಾರದ್ದು ಬಂತು. ಮೇಡಮ್ ಉತ್ತರಿಸಲು ಕೈಯೆತ್ತಿದರು. ಕೈ ಅಲ್ಲೇ ನಿಂತಿತು. ಮುಖ ಚೌಕ ಚೌಕವಾಗಿ ಒಡೆದು, ಕನ್ನಡಕ ಒಂದು ಕಡೆ, ಗಲ್ಲ ಇನ್ನೊಂದು ಕಡೆ ಹೋಯಿತು. "ಪ್ಲ-ಪ್ಲ-ಪ್ಲ," ಎಂದು ದನಿ ಬಂತು. ಆಮೇಲೆ ಪರದೆ ಬರೀ ನೀಲಿ.

ರೋಷನ ವಯರು ಎಳೆದು ನೋಡಿದ, ಪೆಟ್ಟಿಗೆಗೆ ಎರಡು ಬಾರಿಸಿದ, ಬೆವರಿದ. "ಮೋಡ ಇಲ್ಲ, ಗಾಳಿ ಇಲ್ಲ, ಎಂತಾಯ್ತು ಮಾರಾಯ್ರೆ ಇದ್ಕೆ? ಬೆಂಗಳೂರಲ್ಲೇ ಏನೋ ಆಗ್ಯದೆ. ಇವತ್ತಿಗೆ ಮುಗೀತು ಅಂತ ಕಾಣ್ತದೆ."

ಅಷ್ಟರಲ್ಲಿ ಮಾಳಿಗೆಯ ಮೇಲಿಂದ ಕಾಗೆಗಳ ಕೂಗು ಕೇಳಿಸಿತು. ಒಂದೆರಡಲ್ಲ, ಊರಿನ ಕಾಗೆಗಳೆಲ್ಲ ಮದುವೆಗೆ ಬಂದ ಹಾಗೆ. ಸುಮಲತಾ ಥಟ್ಟನೆ ತಲೆಯೆತ್ತಿ ಸೂರು ನೋಡಿದಳು. ಸಿಗಡಿ.

ಸುಮ್ಮನೆ ಕೂತರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಂಗಳೂರಿನ ತಲೆಗೆ ಕಟ್ಟಿ ಎಲ್ಲರೂ ಮನೆಗೆ ಹೋಗುತ್ತಿದ್ದರು. ಅವಳ ಪ್ರಶ್ನೆ ಅವಳಲ್ಲೇ ಉಳಿಯುತ್ತಿತ್ತು, ಕುರ್ಚಿ ಬೇರೆಯವರದಾಗುತ್ತಿತ್ತು. ಹೇಳಿದರೆ ಇಷ್ಟು ಜನರ ಎದುರು ನಗೆಪಾಟಲು. ಹೈಸ್ಕೂಲಿನಲ್ಲಿ ಎದ್ದ ಹಾಗೆಯೇ ಎದ್ದು ನಿಂತಳು.

"ರೋಷನಣ್ಣಾ, ಬೆಂಗಳೂರಲ್ಲಿ ಎಂತ ಆಗ್ಲಿಲ್ಲ. ತಟ್ಟೆಯಲ್ಲಿ ನಮ್ಮ ಮನೆ ಸಿಗಡಿ ಉಂಟು."

"ಎಂತಾ ಉಂಟು?"

"ಸಿಗಡಿ. ಒಣಗೂಕೆ ಹಾಕಿದ್ದೆ."

ಜಟ್ಟಪ್ಪ ಮೂಗಿನಿಂದ ಒಂದು ಸದ್ದು ಹೊರಡಿಸಿದ. ಅಷ್ಟೇ ಸಾಕಾಯಿತು. ನಕ್ಕರು, ಬೆಂಚು ಬಡಿದು ನಕ್ಕರು, ಕಣ್ಣೀರು ಒರೆಸಿಕೊಂಡು ನಕ್ಕರು. "ಸರ್ಕಾರ ಆಕಾಶದಿಂದ ಪಾಠ ಕಳ್ಸಿದ್ರೆ ನೀ ಅದಕ್ಕೆ ಸಿಗಡಿ ತಿನ್ಸಿ ಕಳ್ಸದ್ಯಲ್ಲೇ ತಂಗಿ," ಎಂದ ಜಟ್ಟಪ್ಪ. ಸುಮಲತಾ ಎಲ್ಲರ ಮುಖ ನೋಡಿದಳು. ಅವಳು ಇಷ್ಟು ವರ್ಷ ಹೆದರಿದ್ದ ನಗು ಇದೇ. ಆದರೆ ಇದು ಚುಚ್ಚಲಿಲ್ಲ. ತನ್ನ ಹೊಟ್ಟೆಯಿಂದಲೂ ಅದೇ ಮೇಲೆದ್ದು ಬರುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಬಾಯಿ ಮುಚ್ಚಿಕೊಂಡರೂ ತಡೆಯಲಾಗಲಿಲ್ಲ. ನಕ್ಕಳು.

ರೋಷನ ಮಾತ್ರ ನಗಲಿಲ್ಲ, ಏಣಿ ಹತ್ತುತ್ತಿದ್ದ. ಎಲ್ಲರೂ ಅವನ ಹಿಂದೆ ಓಡಿದರು. ಮೇಲೆ ತಟ್ಟೆಯ ತುಂಬ ಕಾಗೆಗಳ ಪಂಕ್ತಿ ಭೋಜನ. ಬಲೆ ಎಳೆದಾಡಿ ಹರಿದುಹೋಗಿತ್ತು, ಕಲ್ಲಿನ ಭಾರವೆಲ್ಲ ಒಂದೇ ಬದಿಗೆ ಬಿದ್ದು ತಟ್ಟೆ ಬಾಗಿತ್ತು. ನಡುವೆ ಮೂರು ಕಡ್ಡಿಗಳ ಮೇಲೆ ನಿಂತಿರುವ, ಪಾಠ ಹಿಡಿಯುವ ಬುರುಡೆಯ ಮೇಲೆ ಒಂದು ಮುದಿ ಕಾಗೆ ಅಧ್ಯಕ್ಷನ ಹಾಗೆ ಕೂತಿತ್ತು. ಜಟ್ಟಪ್ಪ ಪಂಚೆ ಬೀಸಿ ಕಾಗೆಗಳನ್ನು ಅಟ್ಟಿದ. ಹೆಂಗಸರು ಸೆರಗು ಒಡ್ಡಿ ಸಿಗಡಿ ತುಂಬಿಕೊಂಡರು. ಅಷ್ಟರಲ್ಲಿ ಹೊನ್ನು ಏದುಸಿರು ಬಿಡುತ್ತ ಮೇಲೆ ಬಂದಳು. ಎಲ್ಲರ ಸೆರಗಿನಲ್ಲೂ ತನ್ನ ಸಿಗಡಿ ಕಂಡು ಸೊಂಟಕ್ಕೆ ಕೈಯಿಟ್ಟಳು. "ಇದೆಂತ, ನನ್ನ ಸಿಗಡಿ ಹಂಚೂಕೆ ಹತ್ತಿದ್ರಾ?" ಸುಮಲತಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹೊನ್ನು ಗದರಲಿಲ್ಲ. ಸೀರೆ ಎತ್ತಿ ಕಟ್ಟಿ, ತಟ್ಟೆಯ ಅಂಚು ಹಿಡಿದು, "ಯಾವ ಬದಿಗೆ ತಿರುಗ್ಸೂದು ಹೇಳೋ ರೋಷನಾ," ಎಂದಳು.

ರೋಷನ ಕೆಳಗೆ ಓಡಿ ಕಿಟಕಿಯಿಂದ ಕೂಗಿದ. "ಬಲಕ್ಕೆ. ಇನ್ನೂ ಬಲಕ್ಕೆ. ಅಕ್ಕೋರ ಕಾಲು ಬಂತು. ಸೀರೆ ಬಂತು. ನಿಲ್ಸಿ, ತಲೆ ಬಂತು, ಅಲ್ಲೇ ನಿಲ್ಸಿ." ಹೊನ್ನು ಅಲ್ಲೇ ನಿಲ್ಲಿಸಿ ಬೋಲ್ಟು ಬಿಗಿಸಿದಳು, ಬೋಟಿನವರ ಮನೆಯಲ್ಲಿ ಹೆಂಗಸರಿಗೂ ಪಾನಾ ಹಿಡಿಯಲು ಬರುತ್ತದೆ.

ಎಲ್ಲರೂ ಧಡಧಡ ಇಳಿದು ಬಂದಾಗ ಮೇಡಮ್, "ಕಾರವಾರದವರು ಸಿಗಲೇ ಇಲ್ಲ. ಹಾಗಾದರೆ ಇಲ್ಲಿಗೆ ಮುಗಿಸೋಣವೇ?" ಎನ್ನುತ್ತಿದ್ದರು. ಸುಮಲತಾ ಒಂದು ಕೈಯಲ್ಲಿ ಸಿಗಡಿಯ ಸೆರಗು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನು ಹಚ್ಚಿದಳು. ಆ ಕೈ ಈ ಸಲ ಎಲ್ಲೂ ಜಾರಲಿಲ್ಲ. ನಗಿಸಿಕೊಳ್ಳುವುದು ಆಗಿಹೋಗಿದೆ, ಇನ್ನೇನು ಹೆದರಿಕೆ?

"ಹಲೋ ಅಕ್ಕೋರೇ. ಕಾರವಾರ. ಸುಮಲತಾ." ಅವಳದೇ ದನಿ ಒಂದು ಗಳಿಗೆ ತಡವಾಗಿ ಪರದೆಯಿಂದ ವಾಪಸು ಬಂತು, ಬೀದರಿನಲ್ಲೂ ಕೋಲಾರದಲ್ಲೂ ಈಗ ಇದೇ ಕೇಳುತ್ತಿದೆ. "ಮೈನಸ್ಸಿಗೆ ಮೈನಸ್ಸು ಗುಣಿಸಿದ್ರೆ ಪ್ಲಸ್ಸು ಯಂತಕ್ಕೆ ಆಗ್ತದೆ? ಎಲ್ರೂ ಆಗ್ತದೆ ಆಗ್ತದೆ ಅಂತ್ರು. ಯಂತಕ್ಕೆ ಅಂತ ಯಾರೂ ಹೇಳೂದಿಲ್ಲ."

ಪರದೆಯ ಮೇಲೆ ಮೇಡಮ್ ಕನ್ನಡಕ ತೆಗೆದರು. ಸುಮಲತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಮೇಡಮ್ ಹೇಳಿದರು: "ಸುಮಲತಾ, ಇನ್ನೊಂದು ಸಲ ಕೇಳಮ್ಮಾ. ಜೋರಾಗಿ ಕೇಳು. ಎಲ್ಲಾ ಊರಿಗೂ ಕೇಳಲಿ."

ಅವಳು ಕೇಳಿದಳು. ಜೋರಾಗಿ ಕೇಳು ಎಂದರೆ ಬೈತಖೋಲದವರಿಗೆ ಹೇಳಿಕೊಡಬೇಕೇ? ದಕ್ಕೆಯಲ್ಲಿ ನಿಂತು ಬೋಟಿನವರನ್ನು ಕರೆಯುವ ದನಿಯಲ್ಲಿ ಕೇಳಿದಳು. ಮೇಡಮ್ ಕಿವಿಯ ಯಂತ್ರ ಒಂದಿಷ್ಟು ಸರಿಸಿಕೊಂಡರು.

"ಇವತ್ತಿನ ಪ್ರಶ್ನೆ ಎಂದರೆ ಇದು," ಎಂದರು. "ಈಗ ನೋಡಿ. ಮುಂದಕ್ಕೆ ನಡೆದರೆ ಪ್ಲಸ್, ಹಿಂದಕ್ಕೆ ನಡೆದರೆ ಮೈನಸ್. ನಾನು ಹಿಂದಕ್ಕೆ ನಡೆಯುತ್ತೇನೆ." ಸೆರಗು ಬಿಗಿದುಕೊಂಡು, ಬಲಕ್ಕೆ ಮುಖ ಮಾಡಿ, ಎಡಕ್ಕೆ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಹೊರಟರು. ನೋಡದೆ ನಡೆದವರು ಮೇಜಿಗೆ ಢಿಕ್ಕಿ ಹೊಡೆದರು, ಪುಸ್ತಕ ಬಿತ್ತು. "ಕ್ಯಾಸೆಟ್ಟಿಗೂ ಹಾಗೆಯೇ. ಮುಂದಕ್ಕೆ ಓಡಿದರೆ ಪ್ಲಸ್, ಹಿಂದಕ್ಕೆ ಓಡಿದರೆ ಮೈನಸ್. ಈಗ ನನ್ನ ಈ ನಡಿಗೆಯನ್ನು ಹಿಂದಕ್ಕೆ ಓಡಿಸಿರಪ್ಪಾ."

ಬೆಂಗಳೂರಿನ ಕೋಣೆಯಲ್ಲಿ ಯಾರೋ ಒಳಗಿನಿಂದ ಓಡಿಸಿದರು. ಬಿದ್ದ ಪುಸ್ತಕ ಹಾರಿ ಮೇಜಿನ ಮೇಲೆ ಕೂತಿತು. ಹಿಂದಕ್ಕೆ ಹೋಗಿದ್ದ ಮೇಡಮ್ ಮೇಜಿನಿಂದ ಬಿಡಿಸಿಕೊಂಡು, ಮುಖ ಮಾಡಿದ ಕಡೆಗೇ, ಮುಂದಕ್ಕೆ, ಮುಂದಕ್ಕೆ ನಡೆದುಬಂದರು.

"ಹಿಂದಕ್ಕೆ ನಡೆದದ್ದು, ಹಿಂದಕ್ಕೆ ಓಡಿಸಿದ್ದು. ಎಲ್ಲಿಗೆ ಬಂದೆ?"

"ಮುಂದಕ್ಕೆ," ಎಂದಳು ಸುಮಲತಾ. ಫೋನು ಕೈಯಲ್ಲಿದೆ ಎಂಬುದೇ ಮರೆತುಹೋಗಿತ್ತು. ಇನ್ನೊಂದು ಕೈಯಲ್ಲಿದ್ದ ಸೆರಗೂ ಮರೆತು, ಸಿಗಡಿಯೆಲ್ಲ ನೆಲಕ್ಕೆ ಸುರಿಯಿತು. "ಮುಂದಕ್ಕೇ ಬಂದ್ರಲ್ಲ ಅಕ್ಕೋರೇ!"

ಹಿಂದಿನ ಸಾಲಿನಿಂದ ಹೊನ್ನು ಕೂಗಿದಳು: "ಅಯ್ಯ, ಇದು ನಾ ದಿನಾ ನೋಡ್ತಿದ್ದೆ. ಇದಕ್ಕೇ ಗಣಿತ ಅನ್ನೂದಾ?" ಅದೂ ಬೀದರಿಗೆ ಹೋಯಿತು.

ಸುಮಲತಾ ಫೋನಿಟ್ಟಳೋ ಇಲ್ಲವೋ, ಪರದೆಯ ಮೇಲೆ ಬೇರೆ ಊರುಗಳ ದನಿ. ಬಳ್ಳಾರಿಯಿಂದ ಒಬ್ಬ, "ನಮಗೂ ಅದೇ ಸಂಶಯ ಇತ್ತು ಮೇಡಮ್, ಕೇಳಾಕ ನಾಚಿಕಿ ಆಗಿತ್ತು," ಎಂದ. ಹಾಸನದ ಆಕೆ, "ಕಾರವಾರದ ಅಕ್ಕನಿಗೆ ಥ್ಯಾಂಕ್ಸ್ ಹೇಳಿ," ಎಂದಳು. ಮಂಡ್ಯದವರೊಬ್ಬರು ಇನ್ನೊಂದು ಸಲ ನಡೆಯಿರಿ ಎಂದು ಕೇಳಿದರು, ಮೇಡಮ್ ನಗುತ್ತ ಮತ್ತೆ ನಡೆದರು. ಸುಮಲತಾ ಬೆಂಚಿನ ಮೇಲೆ ಕೂತು ಅತ್ತಳು, ನಕ್ಕಳು, ಎರಡೂ ಒಟ್ಟಿಗೆ. ಇಷ್ಟು ವರ್ಷ ತನ್ನೊಬ್ಬಳದೇ ದಡ್ಡತನ ಎಂದು ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಊರೂರಲ್ಲೂ ಇತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಆ ಸಂಜೆ ಬೈತಖೋಲದ ದಂಡೆಯಲ್ಲಿ ಗಾಳಿ ತಿನ್ನಲು ಬಂದವರಿಗೆ ಏನಾಗಿದೆಯೆಂದು ತಿಳಿಯಲಿಲ್ಲ. ಹಳದಿ ಸೀರೆಯ ಸೊಸೆಯೂ ಅವಳ ಅತ್ತೆಯೂ ಕೈಕೈ ಹಿಡಿದುಕೊಂಡು ಉಸುಕಿನಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು. ಅವರ ಹಿಂದೆ ವಾಚಮನ್ ಜಟ್ಟಪ್ಪನೂ ಪಂಚೆ ಎತ್ತಿಕೊಂಡು ಹಿಂದಕ್ಕೆ ನಡೆದು ಒಂದು ದೋಣಿಗೆ ಢಿಕ್ಕಿ ಹೊಡೆದು ಕೂತ. ಬೋಟಿನಿಂದ ಇಳಿದ ದೇವಿದಾಸ ಅವರನ್ನು ಕಂಡು ನಕ್ಕ. ಅವನೂ ತಿರುಗಿ ನಿಂತು ಹಿಂದಕ್ಕೆ ನಡೆಯತೊಡಗಿದ.

ಪರೀಕ್ಷೆಯಲ್ಲಿ ಎರಡು ಮೈನಸ್ಸು ಎದುರಾದವು. ಸುಮಲತಾಳ ಪೆನ್ನು ನಿಂತಿತು, ಅಭ್ಯಾಸಬಲ. ಆಮೇಲೆ ಹಸಿರು ಸೀರೆಯ ಅಕ್ಕೋರು ಮೇಜಿಗೆ ಢಿಕ್ಕಿ ಹೊಡೆದರು, ಪುಸ್ತಕ ಹಾರಿತು, ಅವಳು ಒಬ್ಬಳೇ ನಕ್ಕು ಪ್ಲಸ್ಸು ಹಾಕಿದಳು. ಮೇಲ್ವಿಚಾರಕರು ಬಂದು ಅವಳ ಡೆಸ್ಕಿನ ಕೆಳಗೆ ಬಗ್ಗಿ ನೋಡಿಹೋದರು. ಪಾಸಾದಳು, ಜಟ್ಟಪ್ಪನೂ ಪಾಸಾದ. ಹೊನ್ನು ಕೇರಿಗೆಲ್ಲ ಸಿಗಡಿ ಸುಕ್ಕೆ ಪಲ್ಯ ಮಾಡಿ ಹಂಚಿದಳು. ಉಪಗ್ರಹದ ಪಾಲು ಎಂದು ಒಂದು ಎಲೆ ಮಾಳಿಗೆಯ ಮೇಲೂ ಇಟ್ಟಳು, ಈ ಸಲ ತಟ್ಟೆಯಿಂದ ದೂರ.

ಮಳೆ ಹಿಡಿದ ಜೂನ್ ತಿಂಗಳಲ್ಲಿ ಸುಮಲತಾ ಆ ಕುರ್ಚಿಯಲ್ಲಿ ಕೂತಳು. ಕೂತದ್ದು ಒಂದೇ ಗಳಿಗೆ, ಕುಣಿಯುವವಳು ಎಲ್ಲಿ ಕೂರುತ್ತಾಳೆ? ಮಕ್ಕಳಿಗೆ ಎಣಿಕೆ ಹೇಳಿಸುತ್ತಿದ್ದಾಗ ಹಿಂದೆ ಮೂಲೆಯಲ್ಲಿ ಕೂತ ಬೊಮ್ಮಿ ಎಂಬ ಪುಟ್ಟ ಹುಡುಗಿ ಏನೋ ಗೊಣಗಿದಳು. ತಾಯಿಯ ಮೀನು ಬುಟ್ಟಿಯ ಪಕ್ಕದಿಂದಲೇ ಎದ್ದು ಬಂದವಳು, ಮೈಯೆಲ್ಲ ಬಂಗಡೆ ವಾಸನೆ.

"ಎಂತ ಹೇಳ್ದೆ ಬೊಮ್ಮಿ?"

ಹುಡುಗಿ ತಲೆ ತಗ್ಗಿಸಿದಳು. "ಒಂದ್ರಕ್ಕಿಂತ ಮುಂಚೆ ಎಂತ ಇತ್ತು ಅಕ್ಕೋರೇ?"

ಮಕ್ಕಳು ಕಿಸಕ್ಕೆಂದರು. ಸುಮಲತಾ ಎಣಿಕೆಯ ಪಟ ಕೆಳಗಿಟ್ಟಳು. ಮೂಲೆಗೆ ಹೋಗಿ ಆ ಮಗುವನ್ನು ಎತ್ತಿಕೊಂಡು ಬಂದು, ಎಲ್ಲರೆದುರು ಕುರ್ಚಿಯ ಮೇಲೆ ನಿಲ್ಲಿಸಿದಳು. ಕುರ್ಚಿ ಅಲುಗಾಡಿತು, ಅವಳು ಹಿಡಿದುಕೊಂಡಳು.

"ಇನ್ನೊಂದ್ಸಲ ಕೇಳು ಪುಟ್ಟಾ," ಎಂದಳು. "ಜೋರಾಗಿ ಕೇಳು. ಎಲ್ರಿಗೂ ಕೇಳ್ಲಿ."